ಹೊಲದ ಕಲ್ಲಿಗೆ ಕಟ್ಟಿದ ದಾರ

ನನ್ನ ಮೊಮ್ಮಗಳು ಪಾಸಾದಳು! ಎರಡು ವರ್ಷ ಒಂದೇ ಸಮನೆ ನಾಪಾಸಾಗಿ, ತನಗಿಂತ ಗೇಣು ಗಿಡ್ಡ ಹುಡುಗರ ನಡುವೆ ಮೂರನೆಯ ಇಯತ್ತೆಯ ಚಾಪೆಯ ಮೇಲೆ ಕುಳಿತವಳು ಈಗ ನಾಲ್ಕನೆಯ ಇಯತ್ತೆಗೆ ಹೋದಳು. ಶಾಲೆಗಳ ತಪಾಸಣೆಗೆ ಬರುವ ಡಿಪೋಟಿ ಸಾಹೇಬರು ಮೊನ್ನೆ ಸೋಮವಾರ, ಬೂಟಿಗೆಲ್ಲ ನಮ್ಮ ಎರೆಮಣ್ಣು ಮೆತ್ತಿಕೊಂಡು, ನಮ್ಮ ಹೊಲದ ಬದುವಿನ ಮೇಲೆ ನಿಂತು, ಅವಳ ಹೆಸರಿನ ಮುಂದೆ ‘ಪಾಸು’ ಎಂದು ತಮ್ಮ ಕೈಯಾರೆ ಬರೆದರು. ನಾನು ಕಣ್ಣಾರೆ ನೋಡಿದೆ. ಓದಿಯೂ ನೋಡಿದೆ. ಎರಡೇ ಅಕ್ಷರ, ಅಷ್ಟು ನನಗೆ ಬರುತ್ತದೆ.

ಅಂದಿನಿಂದ ಗೋಕಾಕ ಪೇಟೆಯಲ್ಲಿ ನಾನು ಸುದ್ದಿ ಹೇಳದೆ ಬಿಟ್ಟವರಿಲ್ಲ. ಕರದಂಟಿನ ಅಂಗಡಿಯವನಿಗೆ ಹೇಳಿದೆ. ಕ್ಷೌರದವನಿಗೆ ಅರ್ಧ ಗಡ್ಡ ಕೆರೆದಾಗ ಒಮ್ಮೆ, ಪೂರ್ತಿಯಾದಾಗ ಇನ್ನೊಮ್ಮೆ ಹೇಳಿದೆ. ನಿನ್ನೆ ಕೊಟ್ಟಿಗೆಯಲ್ಲಿ ಎತ್ತಿಗೆ ಹೇಳುತ್ತಿದ್ದಾಗ ಸೊಸೆ ಕೇಳಿಸಿಕೊಂಡು ನಕ್ಕಳು. ಇನ್ನು ಹೇಳಲು ಯಾರೂ ಉಳಿಯಲಿಲ್ಲವಲ್ಲ ಎಂದು ಈಗ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ಎರಡು ಇಯತ್ತೆ. ಮಸಿ ಮೊಮ್ಮಗಳದು, ಹಾಳೆ ಮಾಸ್ತರರದು, ತಪ್ಪು ನನ್ನವು.

ಹುಡುಗಿಗೆ ಹನ್ನೊಂದು ವರ್ಷ. ಬುದ್ಧಿಗೇನೂ ಕೊರತೆಯಿಲ್ಲ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಾಳೆ. ಬಾಯಿಲೆಕ್ಕದಲ್ಲಿ ನನ್ನ ಮಗನನ್ನೇ ಸೋಲಿಸುತ್ತಾಳೆ. ಆದರೆ ಪುಸ್ತಕ ತೆರೆದರೆ ಮುಗಿಯಿತು. “ಮುತ್ಯಾ, ಅಕ್ಷರ ನಿಂದ್ರೂದ ಇಲ್ಲ, ಇರಬಿ ಹರದಾಡಿದಂಗ ಹರದಾಡತಾವ” ಎನ್ನುತ್ತಾಳೆ. ನಾನು ನೋಡಿದರೆ ಅವು ನೆಟ್ಟಗೆ ನಿಂತೇ ಇರುತ್ತವೆ. ಮೊದಮೊದಲು ಕಣ್ಣು ಎಂದುಕೊಂಡೆವು, ಆಮೇಲೆ ಹಟ ಎಂದುಕೊಂಡೆವು. ಎರಡನೆಯ ಸಲ ನಾಪಾಸಾದ ದಿನ ನನ್ನ ಮಗ, ಅಂದರೆ ಅವಳ ಅಪ್ಪ, ತಲೆಯ ಪಟಗ ಬಿಚ್ಚಿ ಗೂಟಕ್ಕೆ ಹಾಕುತ್ತ ಹೇಳಿಬಿಟ್ಟ:

“ಇನ್ನೊಂದ ವರ್ಷ ನೋಡತೇನಿ. ಮತ್ತ ನಾಪಾಸಾದ್ರ ಸಾಲಿ ಸಾಕು. ಮನ್ಯಾಗ ಕೆಲಸ ಬೇಕಾದಷ್ಟೈತಿ.”

ಹುಡುಗಿ ಅಳಲಿಲ್ಲ. ಒಲೆಯ ಹತ್ತಿರ ಹೋಗಿ ಆಯಿಯ ಬೆನ್ನಿಗೆ ಬೆನ್ನು ಹಚ್ಚಿ ಕುಳಿತಳು. ಆಯಿ ಎಂದರೆ ನನ್ನ ಹೆಂಡತಿ. ಅವಳೂ ಏನೂ ಅನ್ನಲಿಲ್ಲ. ನನ್ನ ಹೆಂಡತಿ ಏನೂ ಅನ್ನದೆ ಇರುವುದು ನಮ್ಮ ಮನೆಯಲ್ಲಿ ಅಷ್ಟು ದಿನನಿತ್ಯದ ಸಂಗತಿಯಲ್ಲ. ನಾನು ಅದನ್ನು ಆಗಲೇ ಗಮನಿಸಬೇಕಿತ್ತು.

ಅದೇ ತಿಂಗಳು ಶಾಲೆಗೆ ಹೊಸ ಮಾಸ್ತರರು ಬಂದರು. ಎಳೆಯ ವಯಸ್ಸು, ತೆಳ್ಳಗೆ, ಕಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಸುತ್ತಿಗೆ. ಬಂದ ವಾರದಲ್ಲೇ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು.

“ಅಜ್ಜಾರ, ನಿಮ್ಮ ಗಾಡಿ ಬೇಕಾಗಿತ್ರಿ. ಹುಡುಗೂರನ್ನ ಕರಕೊಂಡು ಧಬಧಬೆಗೆ ಹೋಗೂಣಂತ.”

“ಜಳಕಕ್ಕೇನ್ರಿ?”

“ಕಲ್ಲ ನೋಡಾಕ್ರಿ.”

ನಾನು ಕಟ್ಟೆಯ ಕಲ್ಲನ್ನು ಕೈಯಿಂದ ತಟ್ಟಿದೆ. “ಮಾಸ್ತರ, ನಮ್ಮೂರಾಗ ಕಲ್ಲ ಬಿಟ್ರ ಬ್ಯಾರೆ ಏನೈತ್ರಿ? ಇಲ್ಲೇ ಕುಂತ ನೋಡ್ರಿ. ಎತ್ತಿಗೆ ಯಾಕ ತ್ರಾಸು?”

ಆದರೂ ಹೂಡಿದೆ. ಮೊಮ್ಮಗಳು ಹೋಗುತ್ತಾಳೆಂದ ಮೇಲೆ ಮುತ್ಯಾ ಹೋಗದೆ ಇರಲಾಗುತ್ತದೆಯೆ? ಗಾಡಿಯಲ್ಲಿ ಏಳು ಮಕ್ಕಳು. ಒಬ್ಬಳಿಗೆ ಕಿವಿ ಕೇಳುವುದಿಲ್ಲ. ಒಬ್ಬನಿಗೆ ಒಂದು ಕಾಲು ಸಣ್ಣದು, ಊರುಗೋಲಿನ ಮೇಲೆ ನಡೆಯುತ್ತಾನೆ. ಉಳಿದವರಿಗೆ ಕೈ ಕಾಲು ಕಿವಿ ಎಲ್ಲ ನೆಟ್ಟಗಿದ್ದವು, ಬಾಯಂತೂ ಬೇಕಾದ್ದಕ್ಕಿಂತ ಜಾಸ್ತಿ ನೆಟ್ಟಗಿದ್ದವು. ಇಂಥ ದಂಡು ಕಟ್ಟಿಕೊಂಡು ಯಾರಾದರೂ ಪಾಠ ಹೇಳುತ್ತಾರೆಯೆ ಎಂದು ದಾರಿಯುದ್ದಕ್ಕೂ ನನಗೆ ಮಾಸ್ತರರ ಮೇಲೆ ಕನಿಕರ.

ಗೋಕಾಕದ ಹೊಳೆ ಧುಮುಕುವ ಧಬಧಬೆಯ ಮುಂದೆ ಕೆಂಪು ಕಲ್ಲಿನ ಗೋಡೆ ನಿಂತಿದೆಯಲ್ಲ, ಅದರ ಎದುರು ಮಾಸ್ತರರು ಮಕ್ಕಳನ್ನು ನಿಲ್ಲಿಸಿದರು. “ಏನ ಕಾಣತೈತಿ?” ಎಂದರು. ನಾನು ಗಾಡಿಯಿಂದಲೇ ಕೂಗಿದೆ, “ದೇವರ ಲೀಲಾ ಕಾಣತೈತ್ರಿ!” ಮಾಸ್ತರರು ಕೈ ಮುಗಿದು, “ಅಜ್ಜಾರ, ನೀವೂ ಇಳದ ಬರ್ರಿ, ಹುಡುಗೂರ ಸಾಲಿನ್ಯಾಗ ನಿಂದರ್ರಿ. ಆದ್ರ ಪಾಳಿ ಬಂದಾಗ ಹೇಳಬೇಕ್ರಿ” ಎಂದರು. ಐವತ್ತು ವರ್ಷಗಳ ಮೇಲೆ ನಾನು ಮತ್ತೆ ಶಾಲೆಗೆ ಸೇರಿದ್ದು ಹೀಗೆ. ನನ್ನ ಪಾಳಿ ಎಂಟನೆಯದು.

ಮಾಸ್ತರರ ಪಾಠದಲ್ಲಿ ಮೂರೇ ಪ್ರಶ್ನೆ. ಏನು ಕಂಡಿ? ಯಾಕೆ ಹಾಗೆ ಅನ್ನುತ್ತಿ? ಅದು ಖರೆಯೋ ಸುಳ್ಳೋ ಹೇಗೆ ನೋಡೋಣ? ಉತ್ತರ ಯಾವ ರೀತಿ ಬಂದರೂ ಅವರಿಗೆ ನಡೆಯುತ್ತಿತ್ತು. ಕಿವಿ ಕೇಳದ ಹುಡುಗಿ ಪಾಟಿಯ ಮೇಲೆ ಚಿತ್ರ ತೆಗೆದು ತೋರಿಸುತ್ತಿದ್ದಳು. ಕಾಲು ಸಣ್ಣವನು ಊರುಗೋಲಿನಿಂದ ಬಂಡೆಗಳನ್ನು ಬಡಿದು, ಇದರ ಸಪ್ಪಳ ಗಟ್ಟಿ, ಇದರದು ಟೊಳ್ಳು ಎಂದು ಹೇಳುತ್ತಿದ್ದ. ನನ್ನ ಮೊಮ್ಮಗಳು ಪಾಟಿ ಹಿಡಿದು ಸುಮ್ಮನೆ ನಿಂತಿದ್ದಳು.

“ಬರಿಯಾಕ ಬರೂದಿಲ್ರಿ,” ಎಂದಳು.

“ಬರಿ ಅಂತ ಯಾರಂದ್ರು? ನೆನಪಿಡಾಕ ನಿನಗ ಏನ ಬರತೈತಿ?”

ಅವಳು ಲಂಗದ ಅಂಚಿನಿಂದ ಒಂದು ದಾರ ಎಳೆದು ಗಂಟು ಹಾಕಿದಳು. ಅಂದಿನಿಂದ ದಾರವೇ ಅವಳ ವಹಿ. ಒಂದು ಊರಿಗೆ ಒಂದು ದಾರ, ಕಂಡ ಸಂಗತಿಗೊಂದು ಗಂಟು. ಮನೆಯಲ್ಲಿ ಎಲ್ಲಿ ನೋಡಿದರೂ ಗಂಟಿನ ದಾರ ಕಾಲಿಗೆ ಸಿಗತೊಡಗಿತು.

ಬಿಸಿಲೇರಿದ ಮೇಲೆ ಬುತ್ತಿ ಬಿಚ್ಚಿದೆವು. ನನ್ನ ಹೆಂಡತಿ ಒಂದರ ಮೇಲೊಂದು ಪೇರಿಸಿ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಥಪ್ಪಿ ನೋಡಿ ಮಾಸ್ತರರು ಹಿಗ್ಗಿದರು. ಅದನ್ನು ಎತ್ತಿ ಹಿಡಿದು, “ಇದರಾಗ ಮೊದಲ ಸುಟ್ಟದ್ದು ಯಾವುದು?” ಎಂದರು.

“ಕೆಳಗಿಂದ್ರಿ!” ಎಂದಳು ನನ್ನ ಮೊಮ್ಮಗಳು. ಆಮೇಲೆ ಬಾಯಿ ತೆರೆದುಕೊಂಡೇ ಕಲ್ಲಿನ ಗೋಡೆಯ ಕಡೆಗೆ ತಿರುಗಿದಳು. ಅಲ್ಲಿಯೂ ಪದರದ ಮೇಲೆ ಪದರ. “ಮಾಸ್ತರ, ಇದೂ ಹಂಗ ಏನ್ರಿ? ಕೆಳಗಿಂದು ಮೊದಲಿಂದು?”

ಮಾಸ್ತರರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. “ಹ್ಯಾಂಗ ನೋಡೂಣು?” ಎಂದರು. ಅವರ ಈ ಚಟ ನನಗೆ ಆಗಿನಿಂದಲೇ ತಲೆನೋವು. ಗೊತ್ತಿದ್ದರೆ ಹೇಳಬಾರದೆ? ನನ್ನ ಪಾಳಿ ಬಂದಾಗ ನಾನು ಎದ್ದು ನಿಂತು ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸಿದೆ:

“ನೋಡ್ರಿ ಮಾಸ್ತರ, ಕಲ್ಲ ಬೆಳೀತಾವ. ನಮ್ಮ ಕುಂಬಳಕಾಯಿ ಬೆಳದಂಗ. ಪ್ರತಿ ವರ್ಷ ನಾ ಹೊಲದಾಗಿನ ಕಲ್ಲ ಆರಿಸಿ ಬದುವಿಗೆ ಒಗೀತೇನಿ, ಮುಂದಿನ ವರ್ಷ ಮತ್ತ ಅಷ್ಟ ಬಂದಿರತಾವ. ಅಷ್ಟ ಯಾಕ? ನಮ್ಮ ಹೊಲದವ್ವನ ಕಲ್ಲು ನಾ ಸಣ್ಣಾವ ಇದ್ದಾಗ ತೆಂಗಿನಕಾಯಿಗಿಂತ ಒಂಚೂರು ದೊಡ್ಡದಿತ್ತು. ಈಗ ಬಂದ ನೋಡ್ರಿ, ದೊಡ್ಡ ಕುಂಬಳಕಾಯಿ ಆಗೇತಿ!”

ಮಕ್ಕಳು ಚಪ್ಪಾಳೆ ತಟ್ಟಿದರು. ಮೊಮ್ಮಗಳು ಮಾತ್ರ ತಟ್ಟಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: “ಹ್ಯಾಂಗ ನೋಡೂಣು, ಮುತ್ಯಾ?”

ಹೊಲದವ್ವ ಎಂದರೆ ನಮ್ಮ ಹೊಲದ ಬನ್ನಿಗಿಡದ ಬುಡದಲ್ಲಿ, ಸಣ್ಣ ಕಟ್ಟೆಯ ಮೇಲೆ ಕುಳಿತ ಕಲ್ಲು. ನಮ್ಮ ಹಿರಿಯರು ಇಟ್ಟದ್ದು. ವರ್ಷಕ್ಕೊಮ್ಮೆ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ದಿನ ಅದಕ್ಕೆ ಸುಣ್ಣ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ ಊಟ ಮಾಡುತ್ತೇವೆ. ಆ ವರ್ಷ ಎಳ್ಳಮಾಸಿಯ ಮರುದಿನವೇ ಮಾಸ್ತರರು ಮಕ್ಕಳೊಡನೆ ಬಂದರು. ಮೊಮ್ಮಗಳು ಹೊಲದವ್ವನ ಹೊಟ್ಟೆಯ ಸುತ್ತ ದಾರ ಸುತ್ತಿ, ಎರಡು ತುದಿಗೂ ಕೂಡುವಲ್ಲಿ ಒಂದೊಂದು ಗುರುತಿನ ಗಂಟು ಹಾಕಿ, ದಾರ ಬಿಚ್ಚಿಕೊಂಡಳು. ಮುಂದಿನ ಎಳ್ಳಮಾಸಿಗೆ ಮೊದಲು ಇದೇ ದಾರ ಸುತ್ತಿ ನೋಡುವುದು ಎಂದು ನಿಶ್ಚಯವಾಯಿತು.

“ದಾರ ಮಳ್ಯಾಗ ಚಿಕ್ಕದಾದ್ರ?” ಎಂದರು ಮಾಸ್ತರರು. ಅದಕ್ಕೆ ದಾರವನ್ನು ಡಬ್ಬಿಯಲ್ಲಿ ಹಾಕಿ ಶಾಲೆಯ ಕಪಾಟಿನಲ್ಲಿ ಇಡುವುದೆಂದಾಯಿತು. “ಒಂದ ಕಲ್ಲಿನ ಮಾತ ನಂಬಬೇಕೇನು?” ಎಂದರು. ಅದಕ್ಕೆ, ನಾವು ಬುತ್ತಿ ಇಡುವ ದುಂಡನೆಯ ಕರಿಕಲ್ಲು ಬದುವಿನಲ್ಲಿತ್ತಲ್ಲ, ಅದಕ್ಕೂ ಒಂದು ದಾರ ಅಳೆದಳು. ನಾನು ನಗುತ್ತ ನಿಂತಿದ್ದೆ. ಪಾಪ, ಹುಡುಗಿ ಮುತ್ಯಾನ ಕೈಯಲ್ಲಿ ಸೋಲುತ್ತಾಳಲ್ಲ ಎಂದು.

ಮೂಡಲಗಿಯ ಆಚೆ ಸುಣ್ಣದ ಕಲ್ಲು ತೆಗೆಯುವ ಗುಂಡಿಗಳಿಗೆ ಹೋದದ್ದು ಅದಾದ ಮೇಲೆ. ಆ ಸಲ ನನ್ನ ಹೆಂಡತಿ ಗಾಡಿಯವರೆಗೂ ಬಂದು, “ಕೇಳ್ರಿಲ್ಲಿ, ಭಟ್ಟಿಯಿಂದ ಒಂದ ಬುಟ್ಟಿ ಸುಣ್ಣ ತರ್ರಿ. ಛಲೋ ಬೆಳ್ಳಂದು” ಎಂದಳು.

“ಯಾಕ? ಈಗಿನ್ನೂ ಎಳ್ಳಮಾಸಿ ಆಗೇತಿ, ಗ್ವಾಡಿಗೆ ಹಚ್ಚಿದ್ದೂ ಆಗೇತಿ.”

“ತರ್ರಿ ಅಂದ್ರ ತರ್ರಿ.”

ತಂದೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದವನು ಎರಡನೆಯ ಸಲ ಯಾಕೆ ಎಂದು ಕೇಳುವುದಿಲ್ಲ.

ಅಲ್ಲಿ ಮಾಸ್ತರರು ಒಂದು ಆಟ ತೋರಿಸಿದರು. ಸುಣ್ಣದ ಕಲ್ಲನ್ನು ಕುಟ್ಟಿ ಪುಡಿ ಮಾಡಿ ಅದರ ಮೇಲೆ ಲಿಂಬಿಹಣ್ಣು ಹಿಂಡಿದರು. ಪುಡಿ ಸಣ್ಣಗೆ ನೊರೆಯೆದ್ದು ಗುಳುಗುಳು ಎಂದಿತು. ಧಬಧಬೆಯಿಂದ ತಂದ ಕೆಂಪು ಕಲ್ಲಿನ ಪುಡಿಯ ಮೇಲೆ ಹಿಂಡಿದರು. ಅದು ಅಳಿಯನಂತೆ ಬಿಗಿದುಕೊಂಡು ಸುಮ್ಮನೆ ಕುಳಿತಿತು. ಕಾಲು ಸಣ್ಣವನು ಗುಳುಗುಳು ಸಪ್ಪಳ ಕೇಳಲು ಕಿವಿಯನ್ನು ಪುಡಿಗೇ ಅದ್ದಿದ. ಕಿವಿ ಕೇಳದವಳು ನೊರೆಯ ಚಿತ್ರ ಬರೆದಳು. ಮೊಮ್ಮಗಳು ಒಂದು ಗಂಟು ಹಾಕಿದಳು. ನಾನು ಉಳಿದ ಲಿಂಬಿಹಣ್ಣನ್ನು ರೊಟ್ಟಿಯ ಜೊತೆ ತಿಂದು ಮುಗಿಸಿದೆ. ನಾಲ್ವರಿಗೆ ಒಂದೇ ಪಾಠ ನಾಲ್ಕು ರೀತಿ ಇಳಿಯಿತು.

ಇನ್ನು ಬದುವಿನ ಕರಿಕಲ್ಲು. ಸುತ್ತಮುತ್ತ ಎಲ್ಲ ಕೆಂಪು ಕಲ್ಲು, ಇದೊಂದು ಕರಿದು ಎಲ್ಲಿಂದ ಬಂತು ಎಂದು ಮೊಮ್ಮಗಳಿಗೆ ಚಿಂತೆ. ಅದನ್ನು ನೋಡಲು ಬೇಸಿಗೆಯಲ್ಲಿ ಹುಕ್ಕೇರಿಗೆ ಹೋದೆವು. ಅದು ನನ್ನ ಹೆಂಡತಿಯ ತವರು. ಇಳಿದುಕೊಂಡದ್ದು ಅವಳ ತಮ್ಮನ ಮನೆಯಲ್ಲಿ. ಅಲ್ಲಿ ಗೋಡೆ ಕರಿಕಲ್ಲು, ಮೆಟ್ಟಿಲು ಕರಿಕಲ್ಲು, ಬೀಸುವ ಕಲ್ಲು ಕರಿಕಲ್ಲು. ಹಳ್ಳಕ್ಕೆ ಇಳಿದರೆ ಅಲ್ಲಿಯೂ ಕರಿಕಲ್ಲೇ, ಆದರೆ ಎಲ್ಲ ಚೂಪು ಚೂಪು. ಹೊಳೆಯ ದಾರಿ ಹಿಡಿದು ಗೋಕಾಕದ ಕಡೆ ಇಳಿಯುತ್ತ ಬಂದಂತೆ ಅವು ದುಂಡಗಾಗುತ್ತ, ಸಣ್ಣವಾಗುತ್ತ ಬಂದವು. ಧುಪದಾಳದ ಒಡ್ಡಿನ ಹತ್ತಿರ ಗಾಡಿ ನಿಲ್ಲಿಸಿದಾಗ ಮೊಮ್ಮಗಳು ಉಡಿಯಲ್ಲಿ ತುಂಬಿ ತಂದ ಕಲ್ಲು ಸುರಿದು ಸಾಲಾಗಿ ಇಟ್ಟಳು. ಚೂಪಿನಿಂದ ದುಂಡಿನವರೆಗೆ.

“ಹೊಳಿನ ಉರುಳಿಸಿಕೋತ ತಂದೈತ್ರಿ ಮಾಸ್ತರ. ಉರುಳಿ ಉರುಳಿ ಮೂಲಿ ಎಲ್ಲಾ ಸವದಾವು.”

“ನಿಮ್ಮ ಆಯಿ ಬಂದಂಗ,” ಎಂದೆ ನಾನು. “ಹುಕ್ಕೇರಿಯಿಂದ ಬಂದಾಗ ಬಾಳ ಚೂಪಿದ್ಳು.”

ಈ ಮಾತು ನಾವು ಮನೆ ಮುಟ್ಟುವ ಮೊದಲೇ ಅವಳನ್ನು ಮುಟ್ಟಿತು. ಹೇಗೆ ಎಂದು ನನಗಿನ್ನೂ ತಿಳಿದಿಲ್ಲ. ಬಾಗಿಲಲ್ಲಿ ನಿಂತು, “ಸವದಿಲ್ರಿ, ಬೇಕಂದ್ರ ಮುಟ್ಟಿ ನೋಡ್ರಿ” ಎಂದಳು. ನಾನು ಎತ್ತು ಬಿಚ್ಚಲು ಹೋದೆ.

ಮಳೆಗಾಲ ಕಳೆಯಿತು. ಈ ನಡುವೆ ನಮ್ಮ ಮನೆಯಲ್ಲಿ ಒಂದು ಹೊಸ ರೂಢಿ ಸುರುವಾಗಿತ್ತು. ಸೋಮವಾರ ಬಂದರೆ ನನ್ನ ಹೆಂಡತಿ ಒಪ್ಪೊತ್ತು. ಮುಂಜಾನೆ ಎದ್ದವಳೇ ಸೆರಗಿನ ಕೆಳಗೆ ಒಂದು ಕುಡಿಕೆ ಹಿಡಿದು ಹೊಲಕ್ಕೆ ಹೋಗುತ್ತಿದ್ದಳು. ಕೇಳಿದರೆ, “ಪಲ್ಲೇ ತರಾಕ” ಎನ್ನುವಳು. ಕುಡಿಕೆಯಲ್ಲಿ ಎಂಥ ಪಲ್ಯ ಎಂದು ನಾನು ಕೇಳಲಿಲ್ಲ. ಕೇಳದಿರುವ ಕಾರಣ ಮೇಲೆಯೇ ಬರೆದಿದ್ದೇನೆ. ಹೊಲದವ್ವನ ಮೈಮೇಲಿನ ಕೆಂಪು ಕಾರಹುಣ್ಣಿಮೆಯ ಹೊತ್ತಿಗೇ ಹೋಗಿ ಬೆಳ್ಳಗಾಗಿತ್ತು. ಬಿಸಿಲಿಗೆ ಮಾಸಿತು ಎಂದುಕೊಂಡೆ.

ಮೊನ್ನೆ ಸೋಮವಾರ ಡಿಪೋಟಿ ಸಾಹೇಬರು ಬಂದರು. ಪರೀಕ್ಷೆ ಅವರೇ ತೆಗೆದುಕೊಳ್ಳುವುದು. ನಾನು, ನನ್ನ ಮಗ ಶಾಲೆಯ ಕಿಟಕಿಯ ಹೊರಗೆ ನಿಂತಿದ್ದೆವು. ಬಾಯಿಲೆಕ್ಕ ಕೇಳಿದರು. ಮೊಮ್ಮಗಳು ಪಟಪಟ ಹೇಳಿದಳು. ಪುಸ್ತಕ ಕೊಟ್ಟರು. ಅವಳು ಬೆರಳಿಟ್ಟು ಒಂದು ಸಾಲು ಓದುವುದರಲ್ಲಿ ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಎರಡನೆಯ ಸಾಲಿಗೆ ಅವಳ ಬೆರಳು ಒಂದೇ ಅಕ್ಷರದ ಮೇಲೆ ನಿಂತುಬಿಟ್ಟಿತು. ನನ್ನ ಮಗ ಕಿಟಕಿಯಿಂದ ಸರಿದು ನಿಂತ. ಸಾಹೇಬರು ಬರೆಯಲು ಟಾಕು ತೆರೆದರು.

ಆಗ ಮಾಸ್ತರರು ಮುಂದೆ ಬಂದು, “ಸಾಹೇಬರ, ಒಂದ ವಿನಂತಿ ಐತ್ರಿ. ಈಕಿ ವರ್ಷದಿಂದ ಒಂದ ಪ್ರಯೋಗ ಮಾಡಾಕತ್ತಾಳ. ಇವತ್ತ ಅದರ ಮುಕ್ತಾಯ. ಹೊಲ ಇಲ್ಲೇ ಬಾಜೂಕ ಐತಿ. ಅದನ್ನೊಂದ ನೋಡಿ ಆಮ್ಯಾಲ ಬರೀರಿ” ಎಂದರು.

ಸಾಹೇಬರು ಟಾಕು ಮುಚ್ಚಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಎದ್ದರು. ಹಿಂದೆ ಮಾಸ್ತರರು ಡಬ್ಬಿ ಹಿಡಿದು, ಅವರ ಹಿಂದೆ ಮಕ್ಕಳು, ಹಿಂದೆ ನಾನು, ನನ್ನ ಹಿಂದೆ ಅರ್ಧ ಊರು. ಬನ್ನಿಗಿಡದ ಬುಡದಲ್ಲಿ ನನ್ನ ಹೆಂಡತಿ ಆಗಲೇ ಕೈ ಮುಗಿದು ಕುಳಿತಿದ್ದಳು. ಹೊಲದವ್ವನ ಮುಂದೆ ಹೂವು, ಲಿಂಬಿಹಣ್ಣು. ನಮ್ಮನ್ನು ನೋಡಿ ಸೆರಗು ಎಳೆದುಕೊಂಡು ಎದ್ದು ಗಿಡದ ಹಿಂದೆ ಸರಿದಳು.

ಮೊದಲು ಕರಿಕಲ್ಲು. ದಾರ ಸುತ್ತಿದಳು. ತುದಿಗೆ ತುದಿ ಸರಿಯಾಗಿ ಕೂಡಿತು. ಕೂದಲಿನಷ್ಟೂ ಬೆಳೆದಿರಲಿಲ್ಲ. ಮಕ್ಕಳು ನನ್ನ ಕಡೆ ನೋಡಿದರು.

“ಅದು ಹುಕ್ಕೇರಿದು,” ಎಂದೆ. “ಹಟಮಾರಿ. ಬೆಳಿ ಅಂದ್ರ ಬೆಳಿಯೂದಿಲ್ಲ.” ಗಿಡದ ಹಿಂದಿನಿಂದ ಬಳೆಯ ಸಪ್ಪಳ ಬಂತು.

ಆಮೇಲೆ ಹೊಲದವ್ವ. ಮೊಮ್ಮಗಳು ದಾರ ಸುತ್ತಿ ಎಳೆದಳು. ಇನ್ನೊಮ್ಮೆ ಸುತ್ತಿದಳು. ತುದಿಗಳು ಕೂಡಲಿಲ್ಲ. ನಡುವೆ ಮೂರು ಬೆರಳು ತೆರಪು!

ಆ ಕ್ಷಣ ನನಗೆ ಏನಾಯಿತೆಂದು ಹೇಗೆ ಬರೆಯಲಿ? ಮಾಸ್ತರರು ಸೋತರು, ಪುಸ್ತಕ ಸೋತಿತು, ಎರಡು ಇಯತ್ತೆಯ ಮುದುಕ ಗೆದ್ದ. ಸಾಹೇಬರ ಮುಂದೆ, ಅರ್ಧ ಊರಿನ ಮುಂದೆ! “ಏನ ಹೇಳಿದ್ನಿ ನಾ? ಕಲ್ಲ ಬೆಳೀತಾವೋ ಇಲ್ಲೋ?” ಎಂದು ಕೂಗಿ, ಹಿಗ್ಗಿನಲ್ಲಿ ಕೈಯೊಳಗಿನ ಬಡಿಗೆಯಿಂದ ಹೊಲದವ್ವನ ನೆತ್ತಿಗೆ ಟಪ್ಪನೆ ಒಂದು ಕೊಟ್ಟುಬಿಟ್ಟೆ.

ಅಂಗೈ ಅಗಲದ ಚಕ್ಕೆ ಎದ್ದು ಕೆಳಗೆ ಬಿತ್ತು.

ಅರ್ಧ ಊರು ಒಂದು ಹೆಜ್ಜೆ ಹಿಂದೆ ಸರಿಯಿತು. ದೇವರ ತಲೆ ಒಡೆದ ಮನುಷ್ಯ ಎಂದರೆ ನಾನೇ. ನನ್ನ ಹೆಂಡತಿ ಗಿಡದ ಹಿಂದಿನಿಂದ ಬಂದು ಗಲ್ಲ ಗಲ್ಲ ಬಡಿದುಕೊಂಡಳು, ತನ್ನವಲ್ಲ, ನನ್ನವು. ಅಲ್ಲಿ ನಗದೆ, ಅಳದೆ, ಹೆದರದೆ ಇದ್ದವಳು ಒಬ್ಬಳೇ. ಮೊಮ್ಮಗಳು ಚಕ್ಕೆಯನ್ನು ಎತ್ತಿಕೊಂಡು, ಮುರಿದ ಅಂಚನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

“ಮಾಸ್ತರ... ರೊಟ್ಟಿ ಥಪ್ಪಿ ಐತ್ರಿ ಇಲ್ಲಿ.”

ಸಾಹೇಬರು ಬಗ್ಗಿದರು. ಅಂಚಿನಲ್ಲಿ ಬಿಳಿ, ಅದರ ಮೇಲೆ ಕೆಂಪು, ಮತ್ತೆ ಬಿಳಿ, ಮತ್ತೆ ಕೆಂಪು. ಎಳೆ ಎಳೆಯಾಗಿ, ಧಬಧಬೆಯ ಗೋಡೆಯಂತೆ.

“ಒಂದ ಬಿಳಿ, ಒಂದ ಕೆಂಪು ಸೇರಿದ್ರ ಒಂದ ಎಳ್ಳಮಾಸಿ ಆತ್ರಿ,” ಎಂದಳು. “ಮ್ಯಾಲಿನ ಕೆಂಪು ಹ್ವಾದ ವರ್ಷದ್ದು. ತಳದ್ದು ಮುತ್ಯಾನ ಮುತ್ಯಾ ಹಚ್ಚಿದ್ದ ಇರಬೇಕು. ಒಳಗಿನ ಕಲ್ಲ ಸಣ್ಣದೈತಿ. ಅದು ಬೆಳದಿಲ್ಲ. ಬೆಳದದ್ದು ಇದು.”

“ಇದು ಅಂದ್ರ ಏನು?” ಎಂದರು ಸಾಹೇಬರು.

ಅವಳು ಹೊಲದವ್ವನ ಮುಂದಿನ ಲಿಂಬಿಹಣ್ಣನ್ನು ನೋಡಿದಳು. “ಆಯಿ, ತಗೋಲ್ಯಾ?” ಆಯಿ ತಲೆಯಾಡಿಸಿದಳು. ಹುಡುಗಿ ದೇವರಿಗೆ ಲಿಂಬಿಹಣ್ಣು ಏರಿಸುತ್ತಾಳೆ, ಮುತ್ಯಾ ಮಾಡಿದ ಪಾಪಕ್ಕೆ ಪರಿಹಾರ ಎಂದು ತಿಳಿದಿರಬೇಕು. ಮೊಮ್ಮಗಳು ಚಕ್ಕೆಯ ಮೂಲೆಯನ್ನು ಪುಡಿ ಮಾಡಿ ಹಿಂಡಿದಳು. ನೊರೆಯೆದ್ದು ಗುಳುಗುಳು ಎಂದಿತು. ಕಾಲು ಸಣ್ಣವನು ಕಿವಿಯಿಟ್ಟು, “ಮೂಡಲಗಿ ಸಪ್ಪಳ!” ಎಂದು ಕೂಗಿದ. ಬದುವಿನ ಕರಿಕಲ್ಲಿನ ಮೇಲೆ ಹಿಂಡಿದಳು, ಅದು ಸುಮ್ಮನಿತ್ತು.

“ಸುಣ್ಣ ಐತ್ರಿ,” ಎಂದಳು. ಆದರೆ ಅವಳ ಮುಖದಲ್ಲಿ ಇನ್ನೂ ಗಂಟು ಬಿಚ್ಚಿರಲಿಲ್ಲ. “ಒಂದ ಸಂಗತಿ ತಿಳಿವಲ್ದು. ಹ್ವಾದ ವರ್ಷದ ಕೆಂಪಿನ ಮ್ಯಾಲ ಏನೂ ಇರಬಾರದು. ಈ ವರ್ಷದ ಎಳ್ಳಮಾಸಿ ಇನ್ನೂ ಬಂದಿಲ್ಲ. ಆದ್ರ ಇಲ್ಲಿ ಬರೇ ಬಿಳಿ, ಬಿಳಿ ಮ್ಯಾಲ ಬಿಳಿ.” ಬೆರಳಿನ ಉಗುರಿನಿಂದ ಎಣಿಸಿದಳು. ಇಪ್ಪತ್ತರ ತನಕ ಸಿಕ್ಕಿತು, ಮುಂದೆ ಪದರಗಳು ಒಂದರಲ್ಲಿ ಒಂದು ಬೆರೆತಿದ್ದವು. “ಯಾರೋ ವರ್ಷ ಪೂರ್ತಿ ಹಚ್ಯಾರ. ಮ್ಯಾಲಿಂದಂತೂ ಇನ್ನೂ ಹಸಿ ಐತಿ, ಇವತ್ತ ಮುಂಜಾನೆದ್ದು.”

ಹಾಗೆ ಹೇಳುತ್ತ ಅವಳ ಕಣ್ಣು ಮೆಲ್ಲಗೆ ಏರಿ ಆಯಿಯ ಕೈಗಳ ಮೇಲೆ ನಿಂತಿತು. ಸಾಹೇಬರ ಕಣ್ಣೂ ಅಲ್ಲಿಗೆ ಬಂತು. ಅರ್ಧ ಊರಿನ ಕಣ್ಣು ಬಂತು. ಹತ್ತೂ ಉಗುರಿನ ಸಂದಿಯಲ್ಲಿ ಬೆಳ್ಳನೆಯ ಸುಣ್ಣ.

“ಏ, ಇದೇನ?” ಎಂದೆ ನಾನು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ತಲೆ ಅಲ್ಲಾಡಿಸಿದಳು. ಸಾಹೇಬರು ಕೇಳಿದರು. ಕೈ ಮುಗಿದಳು, ಮಾತಿಲ್ಲ. ನನ್ನ ಮಗ ಕೇಳಿದ. ಅವನತ್ತ ಒಂದು ಕೆಟ್ಟ ಕಣ್ಣು ಬಿಟ್ಟಳು, ಅಷ್ಟೆ.

“ಆಕಿ ಹೇಳೂದಿಲ್ರಿ ಸಾಹೇಬರ,” ಎಂದಳು ಮೊಮ್ಮಗಳು ಸಣ್ಣ ದನಿಯಲ್ಲಿ. “ಸೋಮವಾರ ಸೋಮವಾರ ಒಪ್ಪೊತ್ತ ಇರತಾಳ, ಹೊಲಕ್ಕ ಬರತಾಳ. ಹರಕಿ ಇರಬೇಕ್ರಿ. ಹರಕಿ ಹೊತ್ತವ್ರು ಅದು ತೀರೂತನಕ ಬಾಯಿ ಬಿಡೂದಿಲ್ಲ. ಬಿಟ್ರ ಫಲ ಸಿಗೂದಿಲ್ಲ.”

“ಎಂದ ತೀರತೈತಿ?”

ಅವಳು ಸಾಹೇಬರ ಕೈಯಲ್ಲಿದ್ದ ಟಾಕನ್ನು ನೋಡಿದಳು.

ಸಾಹೇಬರಿಗೆ ತಿಳಿಯಿತು. ಮೀಸೆಯೊಳಗೇ ನಕ್ಕರು. ಆದರೆ ಕೂಡಲೇ ಬರೆಯಲಿಲ್ಲ, ಗಟ್ಟಿ ಮನುಷ್ಯ. ಬದುವಿನ ಕಡೆ ಕೈ ತೋರಿಸಿ ಕೇಳಿದರು: “ಆ ಕರಿಕಲ್ಲಿಗೆ ನಿಮ್ಮ ಆಯಿ ಒಂದ ವರ್ಷ ಸುಣ್ಣ ಹಚ್ಚಿದ್ರ ಅದೂ ಇಷ್ಟ ದಪ್ಪ ಆಗತೈತೇನು?”

ನಾನು ಹಿಂದಿನಿಂದ ‘ಹೂಂ ಅನ್ನು, ಹೂಂ ಅನ್ನು’ ಎಂದು ಕತ್ತು ಉಳುಕುವಷ್ಟು ಸನ್ನೆ ಮಾಡಿದೆ. ಹುಡುಗಿ ನನ್ನನ್ನು ನೋಡಿದಳು, ಕಲ್ಲನ್ನು ನೋಡಿದಳು.

“ಗೊತ್ತಿಲ್ರಿ. ಅದು ನುಣಪೈತಿ, ಸುಣ್ಣ ಹಿಡೀತೈತೋ ಇಲ್ಲೋ. ಹಚ್ಚಿ ನೋಡಬೇಕ್ರಿ.”

ಮುಗಿಯಿತು ಎಂದುಕೊಂಡೆ. ಸಾಹೇಬರ ಮುಂದೆ ‘ಗೊತ್ತಿಲ್ಲ’ ಎಂದು ಯಾರಾದರೂ ಹೇಳುತ್ತಾರೆಯೆ? ಆದರೆ ಮಾಸ್ತರರ ಮುಖ ದೀಪ ಹಚ್ಚಿದಂತೆ ಬೆಳಗಿತು. ಸಾಹೇಬರು ವಹಿಯನ್ನು ಮಂಡಿಯ ಮೇಲಿಟ್ಟುಕೊಂಡು, “ಓದೂದು ಇನ್ನೂ ಬಾಳ ಸುಧಾರಿಸಬೇಕು. ಅದು ನಿಮ್ಮ ಜವಾಬ್ದಾರಿ, ಮಾಸ್ತರ” ಎನ್ನುತ್ತ ಆ ಎರಡು ಅಕ್ಷರ ಬರೆದರು. ನಾನು ಬಗ್ಗಿ ಓದಿ, “ಪಾಸು!” ಎಂದು ಕೂಗಿದೆ.

ನನ್ನ ಹೆಂಡತಿಯ ಬಾಯಿಂದ ಸೆರಗು ಜಾರಿತು. ಒಂದು ವರ್ಷದ ಮಾತು ಅಲ್ಲಿ ಬದುವಿನ ಮೇಲೆ ಒಮ್ಮೆಲೇ ಒಡೆಯಿತು. ಹುಡುಗಿ ನಾಪಾಸಾದ ದಿನವೇ ಹರಕೆ ಹೊತ್ತದ್ದು, ಎಳ್ಳಮಾಸಿ ಕಳೆದ ಮೇಲೆ ಪಾಸಾಗುವ ತನಕ ಸೋಮವಾರಕ್ಕೊಮ್ಮೆ ಹೊಲದವ್ವನಿಗೆ ಹೊಸ ಸುಣ್ಣ ಬಳಿಯುತ್ತೇನೆ ಎಂದದ್ದು, ಮಳೆಯಲ್ಲಿ ತೊಳೆದುಹೋದರೆ ಮರುದಿನ ಮತ್ತೆ ಬಳಿದದ್ದು. “ಮೂಡಲಗಿ ಸುಣ್ಣ ಇವರ ತಂದ್ಕೊಟ್ಟಾರ್ರಿ ಸಾಹೇಬರ, ಗಾಡ್ಯಾಗ ಹೇರಿಕೊಂಡು! ಯಾಕಂತ ಕೇಳೂವಷ್ಟೂ ಬುದ್ಧಿ ಇಲ್ಲ. ಮ್ಯಾಲ ಕಲ್ಲ ಬೆಳೀತಾವ ಅಂತ ಕುಣ್ಯಾಕತ್ತಿದ್ರು!” ಸಾಹೇಬರು ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಹುಡುಗಿ ಪಾಸಾಗಲಿ ಎಂದು ಹಚ್ಚಿದ ಸುಣ್ಣವೇ ಹುಡುಗಿಯ ಲೆಕ್ಕ ಕೆಡಿಸಲು ನೋಡಿತ್ತು. ಅದನ್ನು ಬಿಡಿಸಿದ್ದರಿಂದಲೇ ಹುಡುಗಿ ಪಾಸಾದಳು. ಇದರಲ್ಲಿ ಹೊಲದವ್ವನ ಪಾಲು ಎಷ್ಟು, ಮಾಸ್ತರರ ಪಾಲು ಎಷ್ಟು ಎಂದು ನಾನೂ ನನ್ನ ಹೆಂಡತಿಯೂ ಇನ್ನೂ ಜಗಳಾಡುತ್ತಿದ್ದೇವೆ.

ಚಕ್ಕೆಯನ್ನು ಮಾಸ್ತರರು ಶಾಲೆಯ ಕಪಾಟಿನಲ್ಲಿ ಇಡಲು ಕೇಳಿದರು. ನನ್ನ ಹೆಂಡತಿ ಅದಕ್ಕೆ ಕೈ ಮುಗಿದು ಕೊಟ್ಟಳು. ನನ್ನ ಮಗ ಎಲ್ಲರಿಗಿಂತ ಹಿಂದೆ ಉಳಿದು, ಮಗಳ ಕೈಯಿಂದ ಆ ಎರಡು ದಾರ ಇಸಿದುಕೊಂಡು, ಸಿಕ್ಕು ಬಿಡಿಸಿ, ನೀಟಾಗಿ ಸುತ್ತಿ ಅವಳ ಕೈಗೇ ಕೊಟ್ಟ. “ನಾಕನೇ ಇಯತ್ತೆಕ್ಕ ಬೇಕಾಗತಾವು” ಎಂದ. ಅದಕ್ಕಿಂತ ಹೆಚ್ಚು ಅವನಿಗೆ ಮಾತು ಬರುವುದಿಲ್ಲ.

ಆ ಸಂಜೆ ಸೊಸೆ ಹೋಳಿಗೆ ಮಾಡಿದಳು. ಎಣ್ಣೆಗಾಯಿ ಬದನೆ, ಕಟ್ಟಿನ ಸಾರು, ಬಿಸಿ ರೊಟ್ಟಿ. ಮಾಸ್ತರರನ್ನೂ ಕರೆದಿದ್ದೆವು. ನಮ್ಮಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಕೂಡುವುದು ವಾಡಿಕೆ. ಅಂದು ನಾನೇ ಹಟ ಹಿಡಿದು ಎಲ್ಲರನ್ನೂ ಒಂದೇ ಸಾಲಿಗೆ ಕೂಡಿಸಿದೆ. ನನ್ನ ಹೆಂಡತಿ ಸೋಮವಾರದ ದಿನ ಹೊಟ್ಟೆ ತುಂಬ ಉಣ್ಣುವುದು ಒಂದು ವರ್ಷದ ಮೇಲೆ ಅಂದೇ ಮೊದಲು. ತುಪ್ಪದ ತಂಬಿಗೆ ಅವಳ ಕೈಯಲ್ಲಿತ್ತು. ಎಲ್ಲರಿಗೂ ಬಡಿಸಿ ನನ್ನ ತಾಟಿನ ಮುಂದೆ ಮಾತ್ರ ತಡೆದು ನಿಂತಳು.

“ಹೇಳ್ರಿ, ಕಲ್ಲ ಬೆಳೀತಾವೇನ್ರಿ?”

“ಇಲ್ಲ,” ಎಂದೆ. ತುಪ್ಪ ಬಿದ್ದ ಮೇಲೆ ಮೆಲ್ಲಗೆ ಹೇಳಿದೆ, “ಆದ್ರ ಹೊಲದಾಗಿನ ಸಣ್ಣ ಕಲ್ಲ ವರ್ಷಾ ವರ್ಷಾ ಹ್ಯಾಂಗ ಬರತಾವು ಅನ್ನೂದನ್ನ ಯಾರೂ ಹೇಳಿಲ್ಲ.” ಮಾಸ್ತರರು ಹೋಳಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಅಲ್ಲೇ ನಿಲ್ಲಿಸಿ, “ಅದು ಛಲೋ ಪ್ರಶ್ನೆ ಐತ್ರಿ ಅಜ್ಜಾರ” ಎಂದರು. ಅಂದರೆ ಮುಂದಿನ ವರ್ಷವೂ ಗಾಡಿ ಹೂಡುವುದು ತಪ್ಪಲಿಲ್ಲ.

ಊಟಕ್ಕೆ ಕೂಡುವ ಮೊದಲು ಮೊಮ್ಮಗಳು ಬಂದು ನನ್ನ ಹೊಟ್ಟೆಯ ಸುತ್ತ ದಾರ ಸುತ್ತಿ ಗಂಟು ಹಾಕಿಕೊಂಡು ಹೋಗಿದ್ದಳು. ಪ್ರೀತಿಗೆ ಎಂದು ತಿಳಿದಿದ್ದೆ. ಐದನೆಯ ಹೋಳಿಗೆ ಮುಗಿಸಿ ಆರನೆಯದಕ್ಕೆ ಕೈ ಚಾಚಿದಾಗ ಎದ್ದು ಬಂದು ಅದೇ ದಾರ ಮತ್ತೆ ಸುತ್ತಿದಳು. ಅವಳ ಅಪ್ಪ ಉಣ್ಣುವುದನ್ನು ಬಿಟ್ಟು ಬಗ್ಗಿ ನೋಡಿದ. ತುದಿಗಳು ಕೂಡಲಿಲ್ಲ.

“ಮೂರ ಬಟ್ಟು!” ಎಂದಳು, ಮೂರು ಬೆರಳು ಎತ್ತಿ ಹಿಡಿದು.

ಎಲ್ಲರೂ ನಗುವಾಗ ನಾನು ಆರನೆಯದನ್ನು ತಾಟಿಗೆ ಎಳೆದುಕೊಂಡೆ. ನನ್ನ ಹೆಂಡತಿ ಅದರ ಮೇಲೆ, ಕೇಳದೆಯೇ, ತುಪ್ಪ ಹಾಕಿದಳು.